ಸಂತೆ, ಗಂಜು, ಮಾಲು: ಮಾರುಕಟ್ಟೆಯ ವಿಮರ್ಶೆಗೆ ಒಂದು ಮಾನದಂಡ

೧

ಉಪನಗರಗಳಲ್ಲಿ ಕಟ್ಟುವ ಬೃಹತ್ ಮಾರಾಟ ಸಂಕೀರ್ಣಕ್ಕೆ ‘ಮಾಲ್’ ಎಂಬ ಹೆಸರು ನಮ್ಮ ಭಾಷೆಯಲ್ಲಿ ಈಗ ನೆಲೆನಿಂತಿದೆ. ಅದರ ಪರವಾಗಿಯೂ ವಿರೋಧವಾಗಿಯೂ ಸಾಕಷ್ಟು ಬರೆಹ ಬಂದಿದೆ. ಪರವಾಗಿ ಬರೆದವರು ಅದನ್ನು ಪ್ರಗತಿಯ ಲಕ್ಷಣವೆಂದೂ, ವಿರೋಧವಾಗಿ ಬರೆದವರು ಪರಂಪರೆಯ ವಿನಾಶವೆಂದೂ ಬಣ್ಣಿಸಿದ್ದಾರೆ. ಈ ಎರಡು ಬಗೆಯ ಬರೆಹಗಳಲ್ಲಿಯೂ ಒಂದು ಕೊರತೆ ಸಮಾನವಾಗಿದೆ. ಮಾರುಕಟ್ಟೆಯೊಂದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದನ್ನು ಅವು ಮೊದಲು ನಿರ್ಣಯಿಸಿಕೊಂಡಿಲ್ಲ. ಅಳತೆಗೋಲಿಲ್ಲದ ಹೊಗಳಿಕೆ ಜಾಹೀರಾತಾಗುತ್ತದೆ. ಅಳತೆಗೋಲಿಲ್ಲದ ತೆಗಳಿಕೆ ಹಳಹಳಿಕೆಯಾಗುತ್ತದೆ. ವಿಮರ್ಶೆ ಎರಡೂ ಅಲ್ಲ.

ಅಂಥ ಅಳತೆಗೋಲನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಪ್ರದೇಶಗಳ ನುಡಿಯಿಂದಲೂ ಸಾಹಿತ್ಯದಿಂದಲೂ ಪಡೆಯಲು ಸಾಧ್ಯವೇ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ಯತ್ನಿಸುತ್ತೇವೆ. ಮಾಲುಗಳ ಚರಿತ್ರೆಯನ್ನು ಬರೆಯುವವರು ಈ ಮೂರು ಊರುಗಳತ್ತ ತಿರುಗಿ ನೋಡುವುದಿಲ್ಲ. ಆದರೆ ಮಾರುಕಟ್ಟೆಯ ಚರಿತ್ರೆಯನ್ನು ಬರೆಯುವವರು ಇವನ್ನು ಬಿಡಲಾರರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಆಳಂದೆ ಒಂದು ಸಾಸಿರ ನಾಡಿಗೆ ಹೆಸರು ಕೊಟ್ಟ ಊರು. ಲಾಡ್ಲೆ ಮಶಾಯಕರ ದರ್ಗಾದ ಉರುಸು ಇಂದಿಗೂ ಅಲ್ಲಿ ಜನವನ್ನೂ ಅಂಗಡಿಗಳನ್ನೂ ಒಟ್ಟಿಗೆ ಕೂಡಿಸುತ್ತದೆ. ಭೀಮಾ ಅಮರ್ಜಾ ನದಿಗಳ ಸಂಗಮದ ಬಳಿಯ ದೇವಲ ಗಾಣಗಾಪುರ ಅಫಜಲಪುರ ತಾಲ್ಲೂಕಿನದು; ಅಲ್ಲಿಯ ದತ್ತಕ್ಷೇತ್ರಕ್ಕೆ ಮಹಾರಾಷ್ಟ್ರದ ಯಾತ್ರಿಕರು ಬರುವುದರಿಂದ ಅದರ ಬೀದಿಯ ವ್ಯಾಪಾರ ಎರಡು ನುಡಿಗಳಲ್ಲಿ ನಡೆಯುತ್ತದೆ. ಭೀಮೆಯ ದಕ್ಷಿಣಕ್ಕಿರುವ ಜೇವರ್ಗಿ ತೊಗರಿಯ ಹೊಲಗಳ ನಾಡು. ೨೦೧೯ರಲ್ಲಿ ಭೌಗೋಳಿಕ ಸೂಚಕವನ್ನು ಪಡೆದ ಗುಲ್ಬರ್ಗಾ ತೊಗರಿಬೇಳೆಯ ಹಿಂದೆ ಇಂಥ ಹೊಲಗಳ ದುಡಿಮೆಯಿದೆ.

೨

ಮೊದಲು ಶಬ್ದಗಳನ್ನು ನೋಡೋಣ. ಈ ಭಾಗದ ಕನ್ನಡದಲ್ಲಿ ಮಾರುವ ಸ್ಥಳಕ್ಕೆ ಒಂದೇ ಹೆಸರಿಲ್ಲ; ಚರಿತ್ರೆಯ ಒಂದೊಂದು ಪದರವೂ ತನ್ನ ಶಬ್ದವೊಂದನ್ನು ಬಿಟ್ಟುಹೋಗಿದೆ. ‘ಅಂಗಡಿ’ ದ್ರಾವಿಡ ಮೂಲದ ಹಳೆಯ ಮಾತು. ‘ಸಂತೆ’ ಸಂಸ್ಕೃತದ ‘ಸಂಸ್ಥಾ’ ಶಬ್ದದ ತದ್ಭವವೆಂದು ಹೇಳುವುದುಂಟು. ‘ಬಜಾರು’ ಪಾರಸಿಯಿಂದ ಬಂದುದು. ‘ಗಂಜು’ ಕೂಡ ಪಾರಸಿಯದೇ; ಅದರ ಮೂಲಾರ್ಥ ಭಂಡಾರ, ಕಣಜ. ಕಲಬುರಗಿಯ ನೆಹರು ಗಂಜ್ ಆ ಅರ್ಥವನ್ನು ಉಳಿಸಿಕೊಂಡ ಕಾಳಿನ ಪೇಟೆ. ಹೀಗೆ ಸಂತೆ ಕೂಡುವಿಕೆಯನ್ನೂ, ಗಂಜು ಸಂಗ್ರಹವನ್ನೂ ಸೂಚಿಸುತ್ತವೆ. ಒಂದರ ಮುಖ್ಯಾಂಶ ಜನ, ಮತ್ತೊಂದರ ಮುಖ್ಯಾಂಶ ಸರಕು.

‘ಮಾಲ್’ ಎಂಬುದರ ವಂಶಾವಳಿ ವಿಚಿತ್ರವಾದುದು. ಇಟಲಿಯಲ್ಲಿ ಚೆಂಡನ್ನು ಮರದ ಸುತ್ತಿಗೆಯಿಂದ ಹೊಡೆದು ಆಡುತ್ತಿದ್ದ ಆಟವೊಂದು ೧೭ನೆಯ ಶತಮಾನದ ಲಂಡನ್ನಿನಲ್ಲಿ ‘ಪಾಲ್ ಮಾಲ್’ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದಿತು. ಆಟದ ಉದ್ದನೆಯ ಓಣಿಗೆ ಆಟದ ಹೆಸರು ಅಂಟಿತು. ಆಟ ನಿಂತ ಮೇಲೆ ಅದೇ ಹೆಸರು ಮರಗಳ ಸಾಲಿನ ವಿಹಾರಮಾರ್ಗಕ್ಕೆ ಉಳಿಯಿತು. ಅಲ್ಲಿಂದ ಅಂಗಡಿಗಳ ನಡುವಿನ ನಡೆದಾರಿಗೂ, ಕೊನೆಗೆ ಇಡೀ ಕಟ್ಟಡಕ್ಕೂ ಹರಿದು ಬಂದಿತು. ಈ ಶಬ್ದದ ಹುಟ್ಟಿನಲ್ಲಿ ಮಾರಾಟವೂ ಇಲ್ಲ, ಕೊಳ್ಳುವಿಕೆಯೂ ಇಲ್ಲ. ಇರುವುದು ಆಟ ಮತ್ತು ವಿಹಾರ. ಇತ್ತ ನಮ್ಮ ಕಡೆಯ ಮಾತಿನಲ್ಲಿ ಅರಬ್ಬಿ ಮೂಲದ ‘ಮಾಲು’ ಎಂಬ ಬೇರೊಂದು ಶಬ್ದ ಬಹುಕಾಲದಿಂದ ಸರಕು ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ರೈತ ಗಂಜಿಗೆ ಒಯ್ಯುವುದು ಮಾಲು. ದಲಾಲ ಮುಟ್ಟಿ ನೋಡುವುದು ಮಾಲು. ಆದುದರಿಂದ ಇಂಗ್ಲಿಷಿನ ಮಾಲ್ ಎಂಬುದನ್ನು ಮಾಲು ಇರುವ ಜಾಗವೆಂದು ಯಾರಾದರೂ ಅರ್ಥಮಾಡಿಕೊಂಡರೆ ಆಶ್ಚರ್ಯಪಡಬೇಕಾದುದಿಲ್ಲ. ವ್ಯುತ್ಪತ್ತಿಯ ದೃಷ್ಟಿಯಿಂದ ಅದು ತಪ್ಪು. ವಸ್ತುಸ್ಥಿತಿಯ ದೃಷ್ಟಿಯಿಂದ ತೀರ ತಪ್ಪೆನ್ನಲಾಗದು.

ನಾಮಪದಗಳಿಗಿಂತಲೂ ಕ್ರಿಯಾಪದಗಳು ಇಲ್ಲಿ ಹೆಚ್ಚು ಬೋಧಪ್ರದವಾಗಿವೆ. ಉತ್ತರ ಕರ್ನಾಟಕದ ಮಾತಿನಲ್ಲಿ ‘ಸಂತಿ ಮಾಡು’ ಎಂಬ ಪ್ರಯೋಗವಿದೆ. ವಾರಕ್ಕೆ ಬೇಕಾದುದನ್ನು ಕೊಂಡು ತರುವುದು ಎಂಬುದು ಅದರ ಅರ್ಥ. ಆದರೆ ಮಾತಿನ ರಚನೆ ಹೇಳುವುದು ಇನ್ನೂ ಒಂದನ್ನು: ಸಂತೆ ಮೊದಲೇ ಸಿದ್ಧವಾಗಿ ನಿಂತ ವಸ್ತುವಲ್ಲ, ಬಂದವರು ಮಾಡುವ ಕ್ರಿಯೆ. ಬೆಳಗಿನಲ್ಲಿ ಬರಿಯ ಬಯಲಾಗಿದ್ದುದು ಮಧ್ಯಾಹ್ನಕ್ಕೆ ಸಂತೆಯಾಗಿ ಸಂಜೆಗೆ ಮತ್ತೆ ಬಯಲಾಗುತ್ತದೆ. ಮಾಲಿಗೆ ಈ ಕ್ರಿಯಾಪದ ಹೊಂದುವುದಿಲ್ಲ. ನಮ್ಮ ಜನ ಮಾಲಿಗೆ ಹೋಗುತ್ತಾರೆ, ಮಾಲಿನಲ್ಲಿ ಸುತ್ತುತ್ತಾರೆ, ಮಾಲು ಮಾಡುವುದಿಲ್ಲ. ಅದನ್ನು ಮಾಡುವವರು ಬೇರೆ, ಅಲ್ಲಿಗೆ ಹೋಗುವವರು ಬೇರೆ. ಇದೊಂದು ವ್ಯಾಕರಣ ವಿಶೇಷ ಮಾತ್ರವಲ್ಲ; ನಮ್ಮ ವಿಮರ್ಶೆಯ ಮೊದಲ ಸೂತ್ರವೂ ಇದರಲ್ಲಿಯೇ ಇದೆ.

‘ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದಂತೆ’ ಎಂಬ ಗಾದೆಯನ್ನು ಅವಸರದ ಕೆಲಸವನ್ನು ಹಳಿಯಲು ನಾವು ಬಳಸುತ್ತೇವೆ. ಅದು ಪರೋಕ್ಷವಾಗಿ ಹೇಳುವ ಸಂಗತಿಯೊಂದು ನಮ್ಮ ಕಣ್ಣಿಗೆ ಬಿದ್ದಿಲ್ಲ: ನೇಯ್ದವನೇ ಮಾರುವವನು. ಮಗ್ಗಕ್ಕೂ ಸಂತೆಗೂ ನಡುವೆ ಆ ಗಾದೆಯಲ್ಲಿ ಮೂರನೆಯವನಿಲ್ಲ.

೩

ಇನ್ನು ಸಾಹಿತ್ಯದ ಸಾಕ್ಷ್ಯ. ಭಕ್ತಿ ಮತ್ತು ಅನುಭಾವದ ಕಾವ್ಯದಲ್ಲಿ ಸಂತೆ ಒಂದು ಪ್ರಸಿದ್ಧ ರೂಪಕ. ಅಕ್ಕಮಹಾದೇವಿಯ ಒಂದು ವಚನದಲ್ಲಿ ಸಂತೆಯ ಗದ್ದಲ ಲೋಕದ ನಿಂದೆಸ್ತುತಿಗಳಿಗೆ ಸಂಕೇತವಾಗಿ ನಿಂತಿದೆ. ತತ್ತ್ವಪದಗಳ ಪರಂಪರೆಯಲ್ಲಿ ಸಂಸಾರವೇ ಸಂತೆ. ಹೊತ್ತು ಮುಳುಗುವ ಮುನ್ನ ಲಾಭದ ವ್ಯಾಪಾರ ಮುಗಿಸಿ ಏಳಬೇಕೆಂಬುದು ಅದರ ಇಂಗಿತ. ಈ ಪರಂಪರೆಯ ಹಿರಿಯನಾದ ಕಡಕೋಳ ಮಡಿವಾಳಪ್ಪ ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದಿನ ಜೇವರ್ಗಿ ತಾಲ್ಲೂಕಿನ ಕಡಕೋಳದಲ್ಲಿ ನೆಲೆಸಿದವನು. ಅವನ ಶಿಷ್ಯವರ್ಗದಲ್ಲಿ ಚನ್ನೂರ ಜಲಾಲಸಾಹೇಬನಂಥವರೂ ಇದ್ದರು. ಅವನಿಗಿಂತ ಹಿಂದೆ ‘ಅಖಂಡೇಶ್ವರ’ ಅಂಕಿತದಿಂದ ವಚನಗಳನ್ನು ರಚಿಸಿದ ಷಣ್ಮುಖಸ್ವಾಮಿಗಳು ಜೇವರ್ಗಿಯವರೇ. ಆದುದರಿಂದ ಅನುಭಾವದ ಈ ಮಾತು ಈ ನೆಲಕ್ಕೆ ಹೊರಗಿನದಲ್ಲ.

ನಮ್ಮ ವಿಮರ್ಶಕರು ಈ ರೂಪಕವನ್ನು ವಿವರಿಸುವಾಗ ಸಾಮಾನ್ಯವಾಗಿ ಉಪಮೇಯದ ಕಡೆಗೇ ಧಾವಿಸಿ ಉಪಮಾನವನ್ನು ಹಿಂದೆ ಬಿಡುತ್ತಾರೆ. ಸಂತೆಯೆಂದರೆ ನಶ್ವರತೆ ಎಂದು ಹೇಳಿ ಮುಗಿಸುತ್ತಾರೆ. ಇದರ ಪರಿಣಾಮವಾಗಿ ಸಂತೆಯೆಂಬ ಶಬ್ದಕ್ಕೆ ಶಿಷ್ಟ ಬರೆವಣಿಗೆಯಲ್ಲಿ ಗೊಂದಲ, ಕ್ಷುದ್ರತೆ, ಕೂಗಾಟ ಎಂಬ ಅರ್ಥಚ್ಛಾಯೆಗಳೇ ಗಟ್ಟಿಯಾಗಿವೆ. ಸಂತೆಯ ಮೈದಾನವನ್ನು ತೆರವು ಮಾಡಿ ಕಟ್ಟಡವನ್ನು ಕಟ್ಟಬೇಕೆನ್ನುವ ಆಡಳಿತಗಾರನ ಮಾತಿಗೆ ಈ ಅರ್ಥಚ್ಛಾಯೆ ತಿಳಿಯದೆಯೇ ನೆರವಾಗುತ್ತದೆ. ಆದುದರಿಂದ ಇದನ್ನು ಸಾಹಿತ್ಯದ ಒಳಗಿನಿಂದಲೇ ತಿದ್ದಿಕೊಳ್ಳುವುದು ಅವಶ್ಯ.

ತಿದ್ದಿಕೊಳ್ಳಲು ಬೇಕಾದ ಸಾಮಗ್ರಿ ವಚನಯುಗದಲ್ಲಿಯೇ ಇದೆ. ಸಂತೆಯನ್ನು ರೂಪಕವಾಗಿ ಕಂಡ ಸಮುದಾಯವೇ ಸಂತೆಯಲ್ಲಿ ಕುಳಿತು ಮಾರಿದ ಸಮುದಾಯವೂ ಹೌದು. ಕಟ್ಟಿಗೆ ಮಾರಿದ ಮೋಳಿಗೆಯ ಮಾರಯ್ಯ, ಹಗ್ಗ ಹೊಸೆದು ಮಾರಿದ ನುಲಿಯ ಚಂದಯ್ಯ, ಬಿದಿರಿನ ಕಾಯಕದ ಮೇದಾರ ಕೇತಯ್ಯ, ಇವರ ಹೆಸರುಗಳಿಗೇ ಮಾರಾಟದ ವಸ್ತು ಅಥವಾ ಕಸುಬು ಸೇರಿಕೊಂಡಿದೆ. ಇವರಲ್ಲಿ ಯಾರದೂ ದೊಡ್ಡ ಬಂಡವಾಳವಲ್ಲ. ಎಲ್ಲರದೂ ತಲೆಯ ಮೇಲೋ ಹೆಗಲ ಮೇಲೋ ಹೊರಬಹುದಾದಷ್ಟು ಸರಕು. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದುದೇ. ಈ ಪ್ರಸಂಗವನ್ನು ನಾವು ನಿರಾಸೆಯ ಉಪದೇಶವೆಂದು ಓದುತ್ತೇವೆ. ಅದನ್ನು ಅಳತೆಯ ಶಾಸ್ತ್ರವೆಂದೂ ಓದಬಹುದು. ಎಷ್ಟು ಸಾಕು ಎಂಬುದನ್ನು ನಿರ್ಣಯಿಸುವ ಅಧಿಕಾರ ಅಲ್ಲಿ ಅತ್ಯಂತ ಕಡಿಮೆ ಇರುವವಳ ಕೈಯಲ್ಲಿದೆ.

ಇದರಿಂದ ನಮಗೆ ದೊರೆಯುವ ಮಾನದಂಡ ಹೀಗಿದೆ. ಮಾರುಕಟ್ಟೆಯೊಂದರ ಯೋಗ್ಯತೆಯನ್ನು ಕೊಳ್ಳುವವನ ಸುಖದಿಂದ ಮಾತ್ರ ಅಳೆಯಲಾಗದು. ಒಂದೇ ಬುಟ್ಟಿಯನ್ನು ಹೊತ್ತು ಬಂದವಳಿಗೆ ಅಲ್ಲಿ ಕುಳಿತು ಮಾರಲು ಎಡೆಯಿದೆಯೇ ಎಂಬುದರಿಂದ ಅಳೆಯಬೇಕು.

೪

ಈ ಮಾನದಂಡವನ್ನು ಎರಡು ಕಟ್ಟಡಗಳಿಗೆ ಅನ್ವಯಿಸಿ ನೋಡೋಣ. ಮೊದಲನೆಯದು ಈ ಮೂರೂ ಊರುಗಳಿಗೆ ಜಿಲ್ಲಾಕೇಂದ್ರವಾದ ಕಲಬುರಗಿಯದು. ಆ ನಗರದ ಹಳೆಯ ಬಜಾರೊಂದನ್ನು ಇಂಪೀರಿಯಲ್ ಗೆಜೆಟಿಯರ್ ವರ್ಣಿಸಿದೆ: ೫೭೦ ಅಡಿ ಉದ್ದ, ೬೦ ಅಡಿ ಅಗಲ, ಎರಡೂ ಬದಿಗೆ ೬೧ ಕಮಾನುಗಳ ಸಾಲು, ಎರಡೂ ತುದಿಗಳಲ್ಲಿ ಅಲಂಕೃತವಾದ ಕಟ್ಟಡ. ಮಾರಾಟಕ್ಕಾಗಿ ಯೋಜಿಸಿ ಕಟ್ಟಿದ ಬೀದಿ ನಮ್ಮ ಕಡೆಗೆ ಹೊಸತಲ್ಲವೆಂಬುದಕ್ಕೆ ಇಷ್ಟು ಸಾಕು.

ಎರಡನೆಯದು ಅಮೆರಿಕದ ಮಿನೆಸೋಟಾ ರಾಜ್ಯದ ಇಡೈನಾ ಎಂಬ ಉಪನಗರದಲ್ಲಿ ೧೯೫೬ರ ಅಕ್ಟೋಬರಿನಲ್ಲಿ ತೆರೆದ ಸೌತ್‌ಡೇಲ್. ಪೂರ್ತಿಯಾಗಿ ಮುಚ್ಚಿದ, ಹವಾನಿಯಂತ್ರಿತ ಉಪನಗರದ ಮಾಲುಗಳಲ್ಲಿ ಇದನ್ನೇ ಮೊದಲನೆಯದೆಂದು ಎಣಿಸುತ್ತಾರೆ. ಅದರ ಶಿಲ್ಪಿ ವಿಕ್ಟರ್ ಗ್ರುಯೆನ್, ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳು ಆಸ್ಟ್ರಿಯವನ್ನು ವಶಪಡಿಸಿಕೊಂಡ ೧೯೩೮ರಲ್ಲಿ ಅಮೆರಿಕಕ್ಕೆ ವಲಸೆ ಹೋದವನು. ಎರಡು ತುದಿಗಳಲ್ಲಿ ಎರಡು ದೊಡ್ಡ ಮಳಿಗೆಗಳು, ನಡುವೆ ಸಣ್ಣ ಅಂಗಡಿಗಳ ಸಾಲು ಎಂಬುದು ಮಾಲುಗಳ ರೂಢಿಯ ವಿನ್ಯಾಸವಾಯಿತು. ಕಲಬುರಗಿಯ ಬಜಾರಿನ ನಕ್ಷೆಗೂ ಇದಕ್ಕೂ ಹೊರನೋಟದ ಸಾಮ್ಯವಿದೆ. ಆದರೆ ವ್ಯತ್ಯಾಸವೂ ಮೂಲಭೂತವಾದುದು. ಬಜಾರಿನ ಕಮಾನುಗಳು ಬೀದಿಯ ಕಡೆಗೆ ತೆರೆದಿವೆ, ಬೀದಿ ಊರಿನ ಕಡೆಗೆ ತೆರೆದಿದೆ. ಮಾಲು ಊರಿಗೆ ಬೆನ್ನು ತಿರುಗಿಸಿ, ಸುತ್ತಲೂ ಮೋಟಾರುಗಳ ಬಯಲನ್ನಿಟ್ಟುಕೊಂಡು, ಒಳಮುಖವಾಗಿ ನಿಂತಿದೆ. ಬಜಾರಿನಲ್ಲಿ ಕಮಾನಿನ ಕೆಳಗೆ ಅಂಗಡಿಯವನಿದ್ದರೆ ಕಂಬದ ಬುಡದಲ್ಲಿ ಬುಟ್ಟಿಯವಳು ಕೂರಲು ಎಡೆಯುಂಟು. ಮಾಲಿನಲ್ಲಿ ಕಂಬಗಳಿವೆ, ಬುಡಗಳಿಲ್ಲ.

ಗ್ರುಯೆನ್ನನ ಆಶಯ ಇದಾಗಿರಲಿಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಬೇಕು. ಮೋಟಾರಿನಿಂದ ಚದುರಿಹೋದ ಉಪನಗರಕ್ಕೆ ನಡೆದಾಡಬಹುದಾದ ಒಂದು ಕೇಂದ್ರವನ್ನು ಕೊಡಬೇಕು, ಅದರ ಸುತ್ತ ಮನೆಗಳೂ ಶಾಲೆಗಳೂ ಏಳಬೇಕು ಎಂಬುದು ಅವನ ಮೂಲ ಯೋಜನೆ. ನಡೆದುದು ಬೇರೆ. ಹೊಸ ಕಟ್ಟಡಗಳಿಗೆ ಸವಕಳಿಯ ಲೆಕ್ಕದಲ್ಲಿ ಉದಾರವಾದ ತೆರಿಗೆ ವಿನಾಯಿತಿಯನ್ನು ೧೯೫೪ರ ಅಮೆರಿಕದ ಕಾನೂನು ಕೊಟ್ಟಿತು. ೧೯೫೬ರ ಹೆದ್ದಾರಿ ಕಾನೂನು ಊರ ಹೊರಗಿನ ನೆಲಕ್ಕೆ ದಾರಿ ತೆರೆಯಿತು. ಹಳೆಯದನ್ನು ದುರಸ್ತಿ ಮಾಡುವುದಕ್ಕಿಂತ ಹೊಸದನ್ನು ಕಟ್ಟುವುದೇ ಲಾಭವಾಯಿತು. ಮನೆಗಳೂ ಶಾಲೆಗಳೂ ಬಿದ್ದುಹೋಗಿ ಅಂಗಡಿಗಳು ಮಾತ್ರ ಉಳಿದವು. ಗ್ರುಯೆನ್ ೧೯೬೮ರಲ್ಲಿ ವಿಯೆನ್ನಾಕ್ಕೆ ಮರಳಿದನು. ೧೯೭೮ರಲ್ಲಿ ಲಂಡನ್ನಿನ ಭಾಷಣವೊಂದರಲ್ಲಿ ತನ್ನ ಹೆಸರಿನಲ್ಲಿ ಬೆಳೆದ ಈ ಸಂತತಿಯನ್ನು ತಾನು ಒಪ್ಪಿಕೊಳ್ಳಲಾರೆನೆಂದು ಸಾರಿದನು.

೫

ಈಗ ಮಾಲುಗಳ ಪುನರ್ನಿರ್ಮಾಣದ ಕಾಲ. ಡೆಟ್ರಾಯಿಟ್ ಬಳಿಯ ನಾರ್ತ್‌ಲ್ಯಾಂಡ್, ೧೯೫೪ರಲ್ಲಿ ಗ್ರುಯೆನ್ನನೇ ರೂಪಿಸಿದ್ದುದು, ೨೦೧೫ರಲ್ಲಿ ಮುಚ್ಚಿತು. ಅದರ ನೆಲವನ್ನು ವಸತಿಗೆ ತಿರುಗಿಸುವ ಕೆಲಸ ಅನಂತರ ನಡೆಯಿತು. ಸೌತ್‌ಡೇಲಿನ ಮೋಟಾರು ಬಯಲಿನಲ್ಲಿ ವಾಸದ ಮನೆಗಳು ಎದ್ದವು; ದೊಡ್ಡ ಮಳಿಗೆಯೊಂದಿದ್ದ ಕಡೆ ೨೦೧೯ರಲ್ಲಿ ವ್ಯಾಯಾಮ ಕೇಂದ್ರ ಬಂದಿತು. ಅಂದರೆ ಮಾಲು ತನ್ನ ಗೋಡೆಗಳನ್ನು ತಾನೇ ತೆರೆದುಕೊಂಡು ಮತ್ತೆ ಪೇಟೆಯಾಗಲು ಹವಣಿಸುತ್ತಿದೆ. ಅದನ್ನು ಹುಟ್ಟಿಸಿದ ದೇಶದಲ್ಲಿ ಬೀದಿಯಾಗಲು ಹೊರಟಿರುವ ರೂಪವನ್ನು, ಬೀದಿಯನ್ನು ಇನ್ನೂ ಕಳೆದುಕೊಳ್ಳದ ನಮ್ಮ ಊರುಗಳು ಅನುಕರಿಸಲು ತವಕಪಡುವುದು ವಿಚಾರಣೀಯ.

ನಮ್ಮ ದೇಶದಲ್ಲಿ ಮಾಲಿನ ಬಾಗಿಲೇ ಮೊದಲಿನಿಂದಲೂ ಸಮಸ್ಯೆಯಾಗಿದೆ. ಮುಂಬಯಿಯ ಕ್ರಾಸ್‌ರೋಡ್ಸ್ ೧೯೯೯ರಲ್ಲಿ ತೆರೆದಾಗ ಜನಸಂದಣಿಯನ್ನು ತಡೆಯಲು ಮೊಬೈಲ್ ಫೋನೋ ಕ್ರೆಡಿಟ್ ಕಾರ್ಡೋ ಇದ್ದವರಿಗೆ ಮುಕ್ತ ಪ್ರವೇಶ ಕೊಡುವ ನಿಯಮವನ್ನು ಮಾಡಿತ್ತು. ೨೦೨೪ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದಕ್ಕೆ ಮಗನೊಡನೆ ಸಿನಿಮಾ ನೋಡಲು ಬಂದ ಉತ್ತರ ಕರ್ನಾಟಕದ ವೃದ್ಧ ರೈತನನ್ನು, ಪಂಚೆ ಉಟ್ಟಿದ್ದಾನೆಂಬ ಕಾರಣಕ್ಕೆ, ಬಾಗಿಲಲ್ಲಿಯೇ ತಡೆದರು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಶಿಕ್ಷೆ ಸರಿಯೇ. ಆದರೆ ಪ್ರಶ್ನೆ ಕಾವಲುಗಾರನೊಬ್ಬನ ಅವಿವೇಕದಲ್ಲಿ ಮುಗಿಯುವುದಿಲ್ಲ. ಯಾರನ್ನು ಒಳಗೆ ಬಿಡಬೇಕೆಂದು ನಿರ್ಣಯಿಸುವ ಬಾಗಿಲು ಇರುವ ಸ್ಥಳ ಸಂತೆಯ ಅರ್ಥದಲ್ಲಿ ಸಾರ್ವಜನಿಕವಲ್ಲ. ಅಲ್ಲಿ ತಡೆಯಲ್ಪಟ್ಟವನು ಕೊಳ್ಳಲು ಬಂದವನು; ಮಾರಲು ಬಂದಿದ್ದರೆ ತಡೆ ಸುದ್ದಿಯೇ ಆಗುತ್ತಿರಲಿಲ್ಲ.

ಹಳೆಯ ಮಾರುಕಟ್ಟೆಗಳ ಪುನರ್ನಿರ್ಮಾಣದಲ್ಲಿಯೂ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಏಳುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ೨೦೧೬ರ ಆಗಸ್ಟಿನಲ್ಲಿ ಕುಸಿದ ಮೇಲೆ, ಕೆಡವಿ ಕಟ್ಟಬೇಕೋ ಉಳಿಸಿ ದುರಸ್ತಿ ಮಾಡಬೇಕೋ ಎಂಬ ವಾದ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ವಾದ ಹೆಚ್ಚಾಗಿ ಗಾರೆ, ಕಮಾನು, ಪಾರಂಪರಿಕ ಮೌಲ್ಯಗಳನ್ನು ಕುರಿತದ್ದು. ಅದು ಮುಖ್ಯವೇ ಆದರೂ, ಹಳೆಯದು ಬಿದ್ದು ಹೊಸದು ಏಳುವವರೆಗಿನ ವರ್ಷಗಳಲ್ಲಿ ಹೂವಿನವರೂ ವೀಳ್ಯದೆಲೆಯವರೂ ಎಲ್ಲಿ ಕೂರಬೇಕು ಎಂಬುದು ಅದಕ್ಕಿಂತ ಕಡಿಮೆ ಮುಖ್ಯವಲ್ಲ. ಕಟ್ಟಡ ಹಿಂದಿರುಗಿ ಬರಬಹುದು; ಜಾಗ ಬಿಟ್ಟುಹೋದ ಗಿರಾಕಿ ಬರುವನೆಂಬ ಭರವಸೆಯಿಲ್ಲ.

೬

ಇಷ್ಟನ್ನು ಹೇಳಿದ ಮೇಲೆ ಎದುರುವಾದವನ್ನೂ ಪರಿಶೀಲಿಸಬೇಕು. ಸಂತೆಯನ್ನು ನಾವು ಚಿನ್ನದ ಯುಗವೆಂದು ಭಾವಿಸುವುದಿಲ್ಲ. ತೂಕದಲ್ಲಿ ಮೋಸ, ಸಾಲದ ಹಂಗು, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ರೈತನಿಗೆ ತಿಳಿಯದಂತೆ ಬೆಲೆ ಮಾತಾಡುವ ದಲಾಲಿ ಪದ್ಧತಿ, ಇವೆಲ್ಲ ಹಳೆಯ ಪೇಟೆಗಳಲ್ಲಿದ್ದವು. ಅದನ್ನು ತಡೆಯಲೆಂದೇ ಹೈದರಾಬಾದ್ ಸಂಸ್ಥಾನ ೧೯೩೦ರಲ್ಲಿ ಕೃಷಿ ಮಾರುಕಟ್ಟೆಯ ಕಾಯಿದೆಯನ್ನು ಮಾಡಿತು. ೧೯೫೬ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಅನಂತರ ೧೯೬೬ರ ಕಾಯಿದೆ ಬಂದಿತು. ಗಂಜಿನ ಬಹಿರಂಗ ಹರಾಜು ಅಂಥ ಸುಧಾರಣೆಯ ಫಲ. ಬಯಲ ಸಂತೆಯಲ್ಲಿ ನೆರಳಿಲ್ಲ, ನೀರಿಲ್ಲ, ದಿನವಿಡೀ ಕುಳಿತು ಮಾರುವ ಹೆಂಗಸಿಗೆ ಶೌಚದ ಮರೆಯೂ ಇಲ್ಲ. ಮಾಲಿನಲ್ಲಿ ಇವೆಲ್ಲ ಇವೆ. ಬೆಲೆಯ ಚೀಟಿ ಎಲ್ಲರಿಗೂ ಒಂದೇ. ಕೊಳ್ಳುವವರ ಜಾತಿಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಮಾಲಿನ ಈ ಗುಣಗಳನ್ನು ಅಲ್ಲಗಳೆಯುವ ವಿಮರ್ಶೆ ಪ್ರಾಮಾಣಿಕವಲ್ಲ.

ಆದರೆ ನೆರಳು, ನೀರು, ಶೌಚಗಳು ಮಾಲಿನ ಸ್ವತ್ತಲ್ಲ. ಬಾಗಿಲನ್ನು ಕಟ್ಟದೆಯೂ ಅವನ್ನು ಕಟ್ಟಬಹುದು. ಸಣ್ಣ ಊರುಗಳ ಪುನರ್ನಿರ್ಮಾಣ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದ ಕ್ರಮವನ್ನು ಹಿಡಿಯುತ್ತದೆ. ಸ್ಥಳೀಯ ಸಂಸ್ಥೆಗೆ ವರಮಾನ ಬೇಕು. ಬಾಡಿಗೆ ಬರುವುದು ಶಟರಿನ ಅಂಗಡಿಯಿಂದ. ಆದುದರಿಂದ ಮೈದಾನದ ಅಂಚಿನಲ್ಲಿ ವಾಣಿಜ್ಯ ಸಂಕೀರ್ಣದ ಸಾಲು ಏಳುತ್ತದೆ. ೧೯೭೯-೮೦ರಲ್ಲಿ ಆರಂಭವಾದ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಅಭಿವೃದ್ಧಿ ಯೋಜನೆಯಲ್ಲಿಯೂ ಮಾರುಕಟ್ಟೆಯ ಕಟ್ಟಡಗಳಿಗೆ ಸ್ಥಾನವಿತ್ತು. ಹರಾಜಿನಲ್ಲಿ ಅಂಗಡಿ ಹಿಡಿಯುವವನು ಠೇವಣಿ ಕಟ್ಟಬಲ್ಲವನು. ವಾರಕ್ಕೊಮ್ಮೆ ಹಳ್ಳಿಯಿಂದ ಮೆಂತ್ಯೆಸೊಪ್ಪಿನ ಬುಟ್ಟಿ ತರುವವಳಿಗೆ ವರ್ಷದ ಬಾಡಿಗೆಯ ಅಂಗಡಿ ಬೇಡ. ಬೇಕಾದುದು ಆರು ಗಂಟೆಯ ಕಾಲ ಮೂರು ಮೊಳ ನೆಲ.

ಕಲಬುರಗಿಯ ‘ಸೂಪರ್ ಮಾರ್ಕೆಟ್’ ಎಂಬ ಹೆಸರು ಇಲ್ಲಿ ನೆನಪಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಒಂದೇ ಸೂರಿನ, ಒಬ್ಬನೇ ಒಡೆಯನ ಮಳಿಗೆ; ಕಲಬುರಗಿಯಲ್ಲಿ ಅದು ಅಂಗಡಿಗಳೂ ತಳ್ಳುಗಾಡಿಗಳೂ ನೆಲದ ಮೇಲೆ ಹರವಿಕೊಂಡು ಕುಳಿತವರೂ ಸೇರಿದ ಪೇಟೆಯ ಹೆಸರು. ಹೊರಗಿನಿಂದ ಬಂದ ಶಬ್ದವನ್ನು ಜನ ತಮ್ಮ ಸಂತೆಯ ಅರ್ಥಕ್ಕೆ ಒಗ್ಗಿಸಿಕೊಂಡಿದ್ದಾರೆ. ಶಬ್ದಕ್ಕೆ ಆದುದು ಕಟ್ಟಡಕ್ಕೂ ಆಗಬಾರದೆಂದೇನೂ ಇಲ್ಲ.

ಕಾನೂನಿನಲ್ಲಿ ಇದಕ್ಕೆ ಆಧಾರವೂ ಇದೆ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ ೨೦೧೪ರ ಕೇಂದ್ರ ಕಾಯಿದೆ ‘ಸಹಜ ಮಾರುಕಟ್ಟೆ’ ಎಂಬ ಪರಿಕಲ್ಪನೆಯನ್ನು ಅಂಗೀಕರಿಸಿದೆ. ಮಾರುವವರೂ ಕೊಳ್ಳುವವರೂ ಪರಂಪರೆಯಿಂದ ಕೂಡುತ್ತ ಬಂದ ಸ್ಥಳವೆಂಬುದು ಅದರ ಅರ್ಥ; ‘ಸಂತೆ’ ಎಂಬುದಕ್ಕೆ ನಿಘಂಟಿನ ಅರ್ಥವೂ ಹೆಚ್ಚುಕಡಿಮೆ ಇದೇ. ಐವತ್ತು ವರ್ಷಗಳಿಗೂ ಮೀರಿ ವ್ಯಾಪಾರ ನಡೆದ ಅಂಥ ಸ್ಥಳವನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು, ಅಲ್ಲಿಯವರನ್ನು ಸ್ಥಳಾಂತರಿಸಕೂಡದು ಎಂದೂ ಆ ಕಾಯಿದೆ ಹೇಳುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ ೪೦ಕ್ಕೆ ಕಡಿಮೆಯಿಲ್ಲದ ಸ್ಥಾನಗಳು ವ್ಯಾಪಾರಿಗಳವೇ ಆಗಿರಬೇಕು. ಅವುಗಳಲ್ಲಿ ಮೂರನೆಯ ಒಂದು ಭಾಗ ಹೆಂಗಸರದು.

ಆದರೆ ಐವತ್ತು ವರ್ಷಗಳೆಂಬುದನ್ನು ರುಜುವಾತು ಮಾಡುವವರು ಯಾರು? ಸಂಜೆಗೆ ಎದ್ದುಹೋಗುವ ಸಂತೆ ತನ್ನ ಹಿಂದೆ ಶಾಸನವನ್ನು ಬಿಡುವುದಿಲ್ಲ. ಅದರ ಚರ್ಚೆ ಬರುವ ಹೊತ್ತಿಗೆ ಮೈದಾನ ದಾಖಲೆಯಲ್ಲಿ ಖಾಲಿ ನೆಲವಾಗಿರುತ್ತದೆ. ಇಲ್ಲಿಯೇ ಭಾಷಾ ಸಾಹಿತ್ಯಗಳ ಅಭ್ಯಾಸಿಗಳಿಗೆ ಮಾಡಲು ಕೆಲಸವಿದೆ. ಆಳಂದ, ಅಫಜಲಪುರ, ಜೇವರ್ಗಿಗಳ ಸಂತೆಯಲ್ಲಿ ಯಾವ ಹಳ್ಳಿಯವರು ಯಾವ ಸಾಲಿನಲ್ಲಿ ಕೂರುತ್ತಾರೆ, ಆ ಸಾಲನ್ನು ಏನೆಂದು ಕರೆಯುತ್ತಾರೆ, ಅಳತೆಗೂ ಕೊಸರಿಗೂ ಚೌಕಾಸಿಗೂ ಯಾವ ಮಾತುಗಳಿವೆ, ತಾಯಿಯ ಜಾಗ ಮಗಳಿಗೆ ಹೇಗೆ ಬಂದಿದೆ ಎಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಒಂದೊಂದು ಸಂತೆಯ ದಿನವೂ ಹೋಗಿ ಬರೆದುಕೊಂಡರೆ, ಅದು ಉಪಭಾಷೆಯ ಸಂಗ್ರಹವೂ ಆಗುತ್ತದೆ, ಬೇಕಾದ ದಿನ ಸಾಕ್ಷ್ಯವೂ ಆಗುತ್ತದೆ. ಈ ಕೆಲಸಕ್ಕೆ ದೊಡ್ಡ ಧನಸಹಾಯ ಬೇಕಾಗಿಲ್ಲ. ಒಂದು ನೋಟುಪುಸ್ತಕ ಮತ್ತು ಬಿಸಿಲಿನಲ್ಲಿ ಕೂರುವ ಮನಸ್ಸು ಸಾಕು. ಮೈದಾನದ ನಕ್ಷೆ ಬದಲಾಗುವ ಮೊದಲು ಇದು ಆಗಬೇಕು; ಅನಂತರ ನಮ್ಮಲ್ಲಿ ಉಳಿಯುವುದು ರೂಪಕ ಮಾತ್ರ.